ಕೆಲಸವಿಲ್ಲದೆ ಉಣ್ಣುವ ಗ್ರಾಫಿಕ್ಸ್ ಕಾರ್ಡು

ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದು ಪುಟದಷ್ಟು ಬರಹವಿದೆ. ಓದುವವನು ಕೀಲಿಮಣೆಯನ್ನು ಮುಟ್ಟಿಲ್ಲ. ಚಲಿಸುವ ಚಿತ್ರವಿಲ್ಲ, ಆಟವಿಲ್ಲ, ಸಂಗೀತವಿಲ್ಲ. ಆದರೂ ಯಂತ್ರದ ಪಕ್ಕದ ಸೀಳುಗಳಿಂದ ಬಿಸಿಗಾಳಿ ಹೊರಡುತ್ತಿದೆ. ಒಳಗಿನ ಫ್ಯಾನು ಬಿಡುವಿಲ್ಲದೆ ತಿರುಗುತ್ತಿದೆ. ಆರು ತಾಸು ನಡೆಯಬೇಕಾದ ಬ್ಯಾಟರಿ ಮೂರು ತಾಸಿಗೇ ಬರಿದಾಗುತ್ತದೆ. ಲಿನಕ್ಸ್ ಹಾಕಿಕೊಂಡ ವಿದ್ಯಾರ್ಥಿಗಳು ಇದನ್ನು ಬ್ಯಾಟರಿಯ ದೋಷವೆಂದೇ ತಿಳಿದು ಹೊಸ ಬ್ಯಾಟರಿಯನ್ನು ಕೊಳ್ಳುವುದುಂಟು. ಹೊಸದೂ ಬಹು ಬೇಗನೆ ಮುಗಿದಾಗ ಮಾತ್ರ ಅನುಮಾನ ಬೇರೆ ಕಡೆ ಹೊರಳುತ್ತದೆ. ಎರಡು ಗ್ರಾಫಿಕ್ಸ್ ವ್ಯವಸ್ಥೆಗಳಿರುವ ಯಂತ್ರವಾಗಿದ್ದರೆ, ಯಾರೂ ಕೆಲಸ ಹೇಳದ, ಆದರೆ ಮಲಗೆಂದೂ ಯಾರೂ ಹೇಳದ ಒಂದು ಗ್ರಾಫಿಕ್ಸ್ ಕಾರ್ಡು ಒಳಗೆ ಎಚ್ಚರವಾಗಿ ಕುಳಿತಿರುವ ಸಂಭವ ಬಹಳ ಹೆಚ್ಚು.

ಬಾಗಲಕೋಟೆ ಜಿಲ್ಲೆಯ ವಿದ್ಯಾರ್ಥಿಗಳಿಗೆ ಇದು ಕೇವಲ ಕುತೂಹಲದ ಸಂಗತಿಯಲ್ಲ. ಇಳಕಲ್ಲಿನಿಂದಲೋ ಹುನಗುಂದದಿಂದಲೋ ಬೆಳಗಿನ ಬಸ್ಸು ಹಿಡಿದು, ಅಮೀನಗಡದ ಮೇಲೆ ಹಾಯ್ದು ಬಾಗಲಕೋಟೆಯ ಕಾಲೇಜಿಗೆ ಬರುವವನು ಮನೆಯಲ್ಲಿ ತುಂಬಿಸಿಕೊಂಡ ವಿದ್ಯುತ್ತಿನ ಮೇಲೆಯೇ ಸಂಜೆಯವರೆಗೆ ಕಾಲ ನೂಕಬೇಕು. ತರಗತಿಯ ಕೋಣೆಯಲ್ಲಿ ಅರವತ್ತು ಜನರಿಗೆ ಎರಡು ಪ್ಲಗ್ಗುಗಳಿದ್ದರೆ ಹೆಚ್ಚು. ಸಂಜೆ ಮನೆ ಸೇರಿದಾಗ ವಿದ್ಯುತ್ತು ಇದ್ದೇ ಇರುತ್ತದೆಂಬ ಭರವಸೆಯೂ ಇಲ್ಲ. ಬೇಸಗೆಯಲ್ಲಂತೂ ಕೇಳುವುದೇ ಬೇಡ. ಬಾದಾಮಿಯ ಮರಳುಗಲ್ಲಿನ ಬಂಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಉಗುಳುವ ಆ ದಿನಗಳಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬಿಸಿಯಾದ ವಸ್ತುವಿನಿಂದ ಶಾಖ ಹೊರಹೋಗುವ ವೇಗವು ಆ ವಸ್ತುವಿಗೂ ಸುತ್ತಲಿನ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ ಎಂಬ ನ್ಯೂಟನ್ನನ ನಿಯಮವನ್ನು ವಾಚಕರು ಬಲ್ಲರು. ಅಂತರ ಕಡಿಮೆಯಾದಷ್ಟೂ ಫ್ಯಾನು ಹೆಚ್ಚು ದುಡಿಯಬೇಕು. ಫ್ಯಾನು ದುಡಿಯುವುದೂ ಅದೇ ಬ್ಯಾಟರಿಯ ಖರ್ಚಿನಲ್ಲಿಯೇ.

ಕಸೂತಿಯ ಸೂಜಿ, ಇಳಕಲ್ಲಿನ ಮಗ್ಗ

ಒಂದು ಯಂತ್ರದಲ್ಲಿ ಎರಡು ಗ್ರಾಫಿಕ್ಸ್ ವ್ಯವಸ್ಥೆಗಳು ಏಕೆ? ಇದನ್ನು ತಿಳಿಯಲು ಇಳಕಲ್ಲಿನ ಯಾವುದಾದರೊಂದು ಓಣಿಗೆ ಹೋಗಿಬಂದರೆ ಸಾಕು. ಸೀರೆಯ ಮೇಲೆ ಕಸೂತಿ ಹಾಕುವ ಹೆಣ್ಣುಮಗಳು ಬಟ್ಟೆಯ ಎಳೆಗಳನ್ನು ಎಣಿಸಿ, ಒಂದಾದ ಮೇಲೊಂದು ಹೊಲಿಗೆಯಿಟ್ಟು, ಗೋಪುರವನ್ನೋ ತೇರನ್ನೋ ಮೂಡಿಸುತ್ತಾಳೆ. ಪ್ರತಿಯೊಂದು ಹೊಲಿಗೆಗೂ ಮುಂದೆ ಎತ್ತ ಹೋಗಬೇಕೆಂಬ ನಿರ್ಧಾರ ಬೇಕು. ಆ ಸೀರೆಯನ್ನು ನೇಯ್ದ ಮಗ್ಗದ ರೀತಿಯೇ ಬೇರೆ. ನೇಕಾರನು ಕಾಲಿನಿಂದ ಒಮ್ಮೆ ತುಳಿದರೆ ಹಾಸಿನ ಸಾವಿರಾರು ಎಳೆಗಳಲ್ಲಿ ಒಂದು ಪಾಲು ಒಟ್ಟಿಗೇ ಮೇಲೇಳುತ್ತದೆ. ನಡುವೆ ಲಾಳಿ ಹಾಯುತ್ತದೆ. ಅಪ್ಪಣೆ ಒಂದು, ಅದನ್ನು ಪಾಲಿಸುವ ಎಳೆಗಳು ಸಾವಿರಾರು.

ಕಂಪ್ಯೂಟರಿನ ಮುಖ್ಯ ಪ್ರೊಸೆಸರು ಕಸೂತಿಯ ಸೂಜಿಯಂತೆ. ಗ್ರಾಫಿಕ್ಸ್ ಪ್ರೊಸೆಸರು ಮಗ್ಗದಂತೆ. ಸಾಮಾನ್ಯವಾದ ಒಂದು ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080, ಎಂದರೆ ಒಟ್ಟು ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಚುಕ್ಕೆಗಳಿವೆ. ಸೆಕೆಂಡಿಗೆ 60 ಸಲ ಅವುಗಳ ಬಣ್ಣವನ್ನು ಹೊಸದಾಗಿ ಹೇಳಬೇಕು. ಇಂಥ ಕೆಲಸಕ್ಕೆ ಮಗ್ಗವೇ ತಕ್ಕದ್ದು. ಲ್ಯಾಪ್‌ಟಾಪುಗಳ ಪ್ರೊಸೆಸರುಗಳಲ್ಲಿ ಬಹುಪಾಲು ಒಂದು ಚಿಕ್ಕ ಮಗ್ಗವನ್ನು ತಮ್ಮ ಒಡಲಲ್ಲಿಯೇ ಇಟ್ಟುಕೊಂಡಿವೆ. ಓದುವುದು, ಬರೆಯುವುದು, ಚಲಚ್ಚಿತ್ರ ನೋಡುವುದು ಮುಂತಾದುವಕ್ಕೆ ಅದು ಧಾರಾಳವಾಗಿ ಸಾಕು. ಹೆಚ್ಚು ಬೆಲೆಯ ಯಂತ್ರಗಳಲ್ಲಿ ಇದರ ಜೊತೆಗೆ ದೊಡ್ಡದೊಂದು ಮಗ್ಗ ಬೇರೆ ಚಿಪ್‌ನಲ್ಲಿ, ತನ್ನದೇ ಆದ ಸ್ಮೃತಿಯೊಡನೆ ಇರುತ್ತದೆ. ಅದೇ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು. ಕಾರ್ಡು ಎಂಬ ಹೆಸರು ಮೇಜಿನ ಮೇಲಿಡುವ ಕಂಪ್ಯೂಟರುಗಳ ಕಾಲದಿಂದ ಬಂದದ್ದು. ಅಲ್ಲಿ ಅದನ್ನು ಕಿತ್ತು ತೆಗೆಯಬಹುದು. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಅದನ್ನು ಮುಖ್ಯ ಫಲಕಕ್ಕೇ ಬೆಸೆದಿರುವುದರಿಂದ ಕೀಳುವ ಮಾತೇ ಇಲ್ಲ, ಮಲಗಿಸುವುದೊಂದೇ ದಾರಿ.

ಇಲ್ಲಿ ಒಂದು ಚಮತ್ಕಾರವನ್ನು ಗಮನಿಸಬೇಕು. ಅನೇಕ ಲ್ಯಾಪ್‌ಟಾಪುಗಳಲ್ಲಿ ಈ ದೊಡ್ಡ ಕಾರ್ಡಿಗೂ ಪರದೆಗೂ ನೇರವಾದ ತಂತಿಯೇ ಇರುವುದಿಲ್ಲ. ಅದು ಚಿತ್ರವನ್ನು ಸಿದ್ಧಪಡಿಸಿ ಚಿಕ್ಕ ಮಗ್ಗದ ಸ್ಮೃತಿಗೆ ಒಪ್ಪಿಸುತ್ತದೆ; ಪರದೆಗೆ ಕಳಿಸುವವನು ಚಿಕ್ಕವನೇ. ಆದುದರಿಂದ ದೊಡ್ಡ ಕಾರ್ಡು ಎಚ್ಚರವಾಗಿದ್ದರೂ ಮಲಗಿದ್ದರೂ ಪರದೆಯನ್ನು ನೋಡಿ ಹೇಳಲಾಗದು. ಕಣ್ಣಿಗೆ ಕಾಣದ ಈ ಖರ್ಚನ್ನು ಪತ್ತೆಹಚ್ಚಲು ಅಳತೆಯೇ ಬೇಕು.

ಸುಮ್ಮನೆ ಕುಳಿತವನಿಗೆ ಊಟವೇಕೆ?

ಕೆಲಸ ಮಾಡದ ಚಿಪ್ ವಿದ್ಯುತ್ತನ್ನು ಏಕೆ ಬಳಸಬೇಕು? ಗ್ರಾಫಿಕ್ಸ್ ಚಿಪ್ ಒಂದರಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳಿರುತ್ತವೆ. ಪ್ರತಿಯೊಂದು ಬಾಗಿಲೂ ಒಂದು ಅತಿ ಸಣ್ಣ ವಿದ್ಯುದ್ಧಾರಕದಂತೆ ವರ್ತಿಸುತ್ತದೆ. ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಬದಲಾದಾಗಲೆಲ್ಲ ಆ ಧಾರಕವು ತುಂಬುತ್ತದೆ, ಬರಿದಾಗುತ್ತದೆ. ತುಂಬಿದ ಶಕ್ತಿ ಕೊನೆಗೆ ಶಾಖವಾಗುತ್ತದೆ. ಈ ಖರ್ಚು ಧಾರಕತ್ವವನ್ನೂ, ವೋಲ್ಟೇಜಿನ ವರ್ಗವನ್ನೂ, ಸೆಕೆಂಡಿಗೆ ಎಷ್ಟು ಸಲ ಬದಲಾಗುವುದೆಂಬ ಸಂಖ್ಯೆಯನ್ನೂ ಗುಣಿಸಿದರೆ ಬರುವ ಮೊತ್ತಕ್ಕೆ ಅನುಗುಣವಾಗಿರುತ್ತದೆ. ಗಡಿಯಾರದ ಸ್ಪಂದನವನ್ನು ನಿಲ್ಲಿಸಿದರೆ ಈ ಖರ್ಚು ನಿಲ್ಲುತ್ತದೆ. ಕೆಲಸವಿಲ್ಲದ ಕಾರ್ಡು ತನ್ನ ಸ್ಪಂದನವನ್ನು ತಾನೇ ತಗ್ಗಿಸಿಕೊಳ್ಳುವುದೂ ಉಂಟು.

ಅಷ್ಟಕ್ಕೆ ಎಲ್ಲವೂ ಮುಗಿದಿದ್ದರೆ ಈ ಲೇಖನ ಬರೆಯಬೇಕಾಗಿರಲಿಲ್ಲ. ಇನ್ನೊಂದು ಖರ್ಚಿದೆ. ಟ್ರಾನ್ಸಿಸ್ಟರು ಈಗ ಎಷ್ಟು ಚಿಕ್ಕದಾಗಿದೆಯೆಂದರೆ, ಮುಚ್ಚಿದ ಸ್ಥಿತಿಯಲ್ಲಿಯೂ ಅದರ ಮೂಲಕ ಅತ್ಯಲ್ಪ ಪ್ರವಾಹ ನುಸುಳುತ್ತಲೇ ಇರುತ್ತದೆ. ಒಂದೊಂದರ ಸೋರಿಕೆ ಲೆಕ್ಕಕ್ಕೆ ಬಾರದಷ್ಟು. ನೂರಾರು ಕೋಟಿಗಳದು ಕೂಡಿದಾಗ ಲೆಕ್ಕಕ್ಕೆ ಬಂದೇ ಬರುತ್ತದೆ. ಅದೂ ಅಲ್ಲದೆ ಉಷ್ಣತೆ ಏರಿದಂತೆ ಈ ಸೋರಿಕೆಯೂ ಏರುತ್ತದೆ. ಕಾರ್ಡಿನ ಸ್ಮೃತಿಯಲ್ಲಿ ಬರೆದದ್ದು ಅಳಿಸಿಹೋಗದಂತೆ ಸೆಕೆಂಡಿಗೆ ಅನೇಕ ಸಲ ಅದನ್ನು ಮರಳಿ ಬರೆಯುತ್ತಿರಬೇಕು. ಬ್ಯಾಟರಿಯ ವೋಲ್ಟೇಜನ್ನು ಚಿಪ್‌ಗೆ ಬೇಕಾದ ಒಂದು ವೋಲ್ಟಿನ ಆಸುಪಾಸಿಗೆ ಇಳಿಸುವ ಮಂಡಲವೂ ತನ್ನ ಪಾಲನ್ನು ನುಂಗುತ್ತದೆ. ಎಲ್ಲ ಸೇರಿ ಸುಮ್ಮನೆ ಕುಳಿತ ಕಾರ್ಡು ಹಲವು ವಾಟ್‌ಗಳನ್ನು ಬಳಸಬಲ್ಲದು.

ಘಟಪ್ರಭಾ ಕಾಲುವೆಯ ಕೆಳಗಿನ ಹೊಲಗಳನ್ನು ನೋಡಿದವರಿಗೆ ಇದು ಹೊಸ ಮಾತಲ್ಲ. ರೈತನು ತನ್ನ ಹೊಲದ ಮಡೆಯನ್ನು ಮುಚ್ಚಿದ ಮಾತ್ರಕ್ಕೆ ನೀರಿನ ಖರ್ಚು ನಿಲ್ಲುವುದಿಲ್ಲ. ಕಾಲುವೆ ತುಂಬಿರುವವರೆಗೆ ಅದರ ಪಕ್ಕಗಳಿಂದ, ತಳದಿಂದ ನೀರು ಬಸಿಯುತ್ತಲೇ ಇರುತ್ತದೆ. ಆ ಬಸಿಯುವಿಕೆಯೇ ವರ್ಷಗಳು ಕಳೆದಂತೆ ಒಳ್ಳೆಯ ಎರೆಭೂಮಿಯನ್ನು ಸವುಳು ಜವುಳಾಗಿಸುತ್ತದೆ. ಬಸಿಯುವುದು ನಿಲ್ಲಬೇಕಾದರೆ ಮೇಲಿನ ಗೇಟನ್ನೇ ಇಳಿಸಿ ಕಾಲುವೆಯನ್ನು ಬತ್ತಿಸಬೇಕು. ಗಡಿಯಾರದ ಸ್ಪಂದನ ನಿಲ್ಲಿಸುವುದು ಹೊಲದ ಮಡೆ ಮುಚ್ಚಿದಂತೆ. ವಿದ್ಯುತ್ ಸರಬರಾಜನ್ನೇ ಕಡಿಯುವುದು ಮೇಲಿನ ಗೇಟು ಇಳಿಸಿದಂತೆ.

ಈ ಕೆಲವು ವಾಟ್‌ಗಳು ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ಕಾರ್ಡು 8 ವಾಟ್ ಬಳಸುತ್ತದೆಂದು ಇಟ್ಟುಕೊಳ್ಳಿ. ಒಂದು ತಾಸಿಗೆ 3600 ಸೆಕೆಂಡು. ಆದ್ದರಿಂದ ಶಾಖ 28,800 ಜೂಲ್. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು 4.2 ಜೂಲ್ ಬೇಕು. ಹಾಗಾದರೆ 100 ಗ್ರಾಂ ನೀರು, ಎಂದರೆ ಒಂದು ಕಪ್ಪು ಚಹಾದ ನೀರು, 30 ಡಿಗ್ರಿಯಿಂದ ಸುಮಾರು 98 ಡಿಗ್ರಿಗೆ ಏರುತ್ತದೆ. ಯಾರೂ ಕುಡಿಯದ ಒಂದು ಕಪ್ಪು ಚಹಾವನ್ನು ಲ್ಯಾಪ್‌ಟಾಪು ತಾಸಿಗೊಮ್ಮೆ ಕಾಯಿಸಿ ಚೆಲ್ಲುತ್ತಿದೆಯೆಂದರೆ ತಪ್ಪಾಗದು. ಹಣದ ಲೆಕ್ಕದಲ್ಲಿ ಇದು ದೊಡ್ಡದಲ್ಲ: ದಿನಕ್ಕೆ 5 ತಾಸಿನಂತೆ ವರ್ಷಕ್ಕೆ 300 ದಿನ ನಡೆಸಿದರೆ 12 ಯೂನಿಟ್ ಆಗುತ್ತದೆ, ಹೆಸ್ಕಾಂ ಬಿಲ್ಲಿನಲ್ಲಿ ಅದು ಕಾಣಿಸಲಿಕ್ಕಿಲ್ಲ. ಆದರೆ 48 ವಾಟ್-ತಾಸಿನ ಬ್ಯಾಟರಿಯ ದೃಷ್ಟಿಯಿಂದ ಅದು ದೊಡ್ಡದು. ಉಳಿದ ಯಂತ್ರವೆಲ್ಲ 8 ವಾಟ್‌ನಲ್ಲಿ ನಡೆಯುತ್ತಿದ್ದರೆ ಬ್ಯಾಟರಿ 6 ತಾಸು ಬರುತ್ತದೆ. ಕಾರ್ಡಿನ 8 ಸೇರಿದರೆ 3 ತಾಸು.

ಲಿನಕ್ಸ್ ಕಲಿತ ಬಗೆ

2010ರ ಫೆಬ್ರವರಿಯಲ್ಲಿ ಎನ್‌ವಿಡಿಯಾ ಸಂಸ್ಥೆಯು ಆಪ್ಟಿಮಸ್ ಎಂಬ ಏರ್ಪಾಟನ್ನು ಪ್ರಕಟಿಸಿತು. ಬೇಕಾದಾಗ ದೊಡ್ಡ ಕಾರ್ಡನ್ನು ಎಬ್ಬಿಸಿ, ಬೇಡವಾದಾಗ ತಾನಾಗಿ ಮಲಗಿಸುವ ಏರ್ಪಾಟು ಅದು. ಆದರೆ ವಿಂಡೋಸಿನಲ್ಲಿ ಮಾತ್ರ. ಲಿನಕ್ಸಿನವರಿಗೆ ಇಬ್ಬರು ಆಳುಗಳೂ ಸದಾ ಎಚ್ಚರ. ಅದೇ ವರ್ಷದ ಮೇ ತಿಂಗಳಲ್ಲಿ ಹೊರಬಂದ ಲಿನಕ್ಸ್ ಕರ್ನೆಲ್ 2.6.34ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯ ಡೇವ್ ಏರ್ಲಿ ಬರೆದ ವಿಜಿಎ-ಸ್ವಿಚರೂ ಎಂಬ ಭಾಗ ಸೇರಿತು. ಒಂದು ಕಡತದಲ್ಲಿ 'ಆಫ್' ಎಂದು ಬರೆದರೆ ಉಪಯೋಗದಲ್ಲಿಲ್ಲದ ಕಾರ್ಡಿಗೆ ವಿದ್ಯುತ್ತು ನಿಲ್ಲುತ್ತಿತ್ತು. ಎಲ್ಲವನ್ನೂ ಕೈಯಿಂದಲೇ ಮಾಡಬೇಕು. ಎಲ್ಲ ಯಂತ್ರಗಳಲ್ಲಿ ಅದು ನಡೆಯುತ್ತಲೂ ಇರಲಿಲ್ಲ.

2011ರಲ್ಲಿ ಮಾರ್ಟಿನ್ ಯೂಲ್ ಎಂಬವರು ಬಂಬಲ್‌ಬೀ ಎಂಬ ಯೋಜನೆಯನ್ನು ಆರಂಭಿಸಿದರು. ಆಪ್ಟಿಮಸ್ ಎಂಬುದು ಟ್ರಾನ್ಸ್‌ಫಾರ್ಮರ್ಸ್ ಎಂಬ ಚಲಚ್ಚಿತ್ರಗಳ ಯಂತ್ರನಾಯಕನ ಹೆಸರು. ಬಂಬಲ್‌ಬೀ ಅವನ ಸಂಗಡಿಗ. ಈ ಯೋಜನೆ ಒಂದು ಅವಘಡದಿಂದಲೂ ಪ್ರಸಿದ್ಧವಾಯಿತು. ಅದನ್ನು ಸ್ಥಾಪಿಸುವ ಆದೇಶಗಳ ಸಾಲಿನಲ್ಲಿ, ಒಂದು ಹಳೆಯ ಉಪಕೋಶವನ್ನು ಅಳಿಸಬೇಕಾದಲ್ಲಿ, ಹೆಸರಿನ ನಡುವೆ ಒಂದೇ ಒಂದು ಖಾಲಿ ಜಾಗ ನುಸುಳಿತ್ತು. ಯಂತ್ರ ಅದನ್ನು ಎರಡು ಹೆಸರುಗಳೆಂದು ಓದಿ, ತಂತ್ರಾಂಶಗಳೆಲ್ಲ ವಾಸಿಸುವ 'ಯುಎಸ್ಆರ್' ಎಂಬ ಇಡೀ ಕೋಶವನ್ನೇ ಅಳಿಸಿಹಾಕುತ್ತಿತ್ತು. ಬ್ಯಾಟರಿ ಉಳಿಸಹೊರಟವರು ಯಂತ್ರವನ್ನೇ ಕಳೆದುಕೊಂಡರು. ಎಲ್ಲಿಂದಲೋ ಎತ್ತಿಕೊಂಡ ಆದೇಶವನ್ನು ಓದದೆ ರೂಟ್ ಅಧಿಕಾರದಲ್ಲಿ ನಡೆಸಬೇಡಿರೆಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವಾಗ ಇದೇ ಉದಾಹರಣೆಯನ್ನು ಕೊಡುತ್ತೇನೆ. ತಪ್ಪು ಬೇಗನೆ ತಿದ್ದಲ್ಪಟ್ಟಿತು. ಮುಂದೆ ಬಂಬಲ್‌ಬೀಯ ಜೊತೆಗಾರನಾದ ಬಿಬಿ-ಸ್ವಿಚ್ ಎಂಬ ತಂತ್ರಾಂಶವನ್ನು ಪೀಟರ್ ವು ಬರೆದರು. ಕಾರ್ಡನ್ನು ಆರಿಸಲು ಬಹು ವರ್ಷ ಜನ ಅದನ್ನೇ ನಂಬಿದ್ದರು.

2012ರ ಜೂನ್ ತಿಂಗಳಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಲಿನಕ್ಸಿನ ಜನಕ ಲೈನಸ್ ಟೊರ್ವಾಲ್ಡ್ಸ್ ಎನ್‌ವಿಡಿಯಾ ಸಂಸ್ಥೆಯನ್ನು ಕುರಿತು ಬೈಗುಳಾಡಿ ಅಸಭ್ಯ ಸಂಜ್ಞೆಯನ್ನು ಮಾಡಿದ್ದು ಲೋಕಕ್ಕೆಲ್ಲ ತಿಳಿಯಿತು. ಅವರನ್ನು ಅಲ್ಲಿಗೆ ಎಳೆತಂದ ಪ್ರಶ್ನೆ ಯಾವುದೆಂಬುದು ಅಷ್ಟಾಗಿ ತಿಳಿಯದು. ಆಪ್ಟಿಮಸ್ ಇರುವ ಲ್ಯಾಪ್‌ಟಾಪಿಗೆ ಲಿನಕ್ಸಿನಲ್ಲಿ ಬೆಂಬಲವಿಲ್ಲವೆಂದು ಸಭೆಯಲ್ಲಿದ್ದ ಒಬ್ಬ ಮಹಿಳೆ ಕೇಳಿದ ಪ್ರಶ್ನೆ ಅದು. ಸಂಜ್ಞೆಯನ್ನು ಮೆಚ್ಚಬೇಕಾಗಿಲ್ಲ, ಬ್ಯಾಟರಿ ಬೇಗ ಮುಗಿಯುವವರ ಸಂಕಟ ಮಾತ್ರ ನಿಜವಾದದ್ದು.

2013ರ ಕರ್ನೆಲ್ 3.12ರಿಂದ ನೂವೋ ಎಂಬ ಮುಕ್ತ ಡ್ರೈವರು ಕಾರ್ಡನ್ನು ತಾನಾಗಿ ಮಲಗಿಸತೊಡಗಿತು: ಐದು ಸೆಕೆಂಡು ಕೆಲಸ ಬಾರದಿದ್ದರೆ ನಿದ್ರೆ. 2016ರ ಕರ್ನೆಲ್ 4.8ರಲ್ಲಿ ಇನ್ನೂ ಮುಖ್ಯವಾದ ಒಂದು ಮಾರ್ಪಾಟು ಬಂದಿತು. ಅದನ್ನು ಮುಂದೆ ವಿವರಿಸುತ್ತೇನೆ. 2019ರಲ್ಲಿ ಎನ್‌ವಿಡಿಯಾದ ಸ್ವಂತ ಡ್ರೈವರು, ತನ್ನ 435ನೆಯ ಸರಣಿಯಿಂದ, ಲಿನಕ್ಸಿನಲ್ಲಿಯೂ ಕಾರ್ಡನ್ನು ಪೂರ್ತಿ ಮಲಗಿಸಲು ಕಲಿತಿತು. ಆದರೆ 2018ರಲ್ಲಿ ಬಂದ ಟ್ಯೂರಿಂಗ್ ವರ್ಗದ ಮತ್ತು ಅನಂತರದ ಚಿಪ್‌ಗಳಿಗೆ ಮಾತ್ರ ಈ ಭಾಗ್ಯ. ನಮ್ಮ ಊರುಗಳಲ್ಲಿ ಕೈಬದಲಾಗಿ ಬರುವ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಅದಕ್ಕಿಂತ ಹಳೆಯವು. ಅಂಥವುಗಳಲ್ಲಿ ಸಂಸ್ಥೆಯ ಡ್ರೈವರನ್ನು ಹಾಕಿದರೆ ಕಾರ್ಡಿನ ಪೂರ್ಣಬಲ ಸಿಗುತ್ತದೆ, ನಿದ್ರೆ ಸಿಗದು. ನೂವೋ ಹಾಕಿದರೆ ನಿದ್ರೆ ಸಿಗುತ್ತದೆ, ಪೂರ್ಣಬಲ ಸಿಗದು. ಹೆಚ್ಚಾಗಿ ಓದುಬರಹಕ್ಕೇ ಯಂತ್ರವನ್ನು ಬಳಸುವವನು ನಿದ್ರೆಯನ್ನು ಆರಿಸಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ.

ಡ್ರೈವರನ್ನು ತೆಗೆದುಹಾಕಿದರೆ?

ಬಹು ಜನ ಬೀಳುವ ಹೊಂಡ ಇದು. ಇಳಕಲ್ಲಿನಿಂದ ಬರುವ ನನ್ನ ವಿದ್ಯಾರ್ಥಿಯೊಬ್ಬ ತಾನು ಆಟವಾಡುವವನಲ್ಲವಾದ್ದರಿಂದ ಕಾರ್ಡು ತನಗೆ ಬೇಡವೆಂದು ಅದರ ಡ್ರೈವರನ್ನೇ ನಿಷೇಧದ ಪಟ್ಟಿಗೆ ಸೇರಿಸಿದ್ದ. ಯಂತ್ರ ಮರಳಿ ಹೊತ್ತಿಕೊಂಡಾಗ ಕಾರ್ಡನ್ನು ಬಳಸುವ ತಂತ್ರಾಂಶವೇ ಇಲ್ಲ. ಇನ್ನು ಕಾರ್ಡು ಆರಿದಂತೆಯೇ ಎಂಬುದು ಅವನ ತರ್ಕ. ಬ್ಯಾಟರಿ ಮಾತ್ರ ಮೊದಲಿಗಿಂತ ಬೇಗನೆ ಇಳಿಯಿತು. ತರ್ಕ ಎಲ್ಲಿ ಜಾರಿತು? ಡ್ರೈವರು ಕಾರ್ಡನ್ನು ಎಬ್ಬಿಸುವವನು ಎಂದು ಅವನು ತಿಳಿದಿದ್ದ. ಆದರೆ ಯಂತ್ರಕ್ಕೆ ವಿದ್ಯುತ್ತು ಕೊಟ್ಟೊಡನೆ ಕಾರ್ಡು ತಾನಾಗಿಯೇ ಎದ್ದಿರುತ್ತದೆ. ಅದಕ್ಕೆ ಗಡಿಯಾರ ತಗ್ಗಿಸು, ಸ್ಮೃತಿಯನ್ನು ಬಿಡು, ಮಲಗು ಎಂದು ಹೇಳುವವನೇ ಡ್ರೈವರು. ಅವನನ್ನು ಹೊರಗೆ ಹಾಕಿದರೆ ದೀಪ ಆರಿಸುವವನನ್ನೇ ಮನೆಯಿಂದ ಕಳಿಸಿದಂತಾಗುತ್ತದೆ. ದೀಪ ರಾತ್ರಿಯೆಲ್ಲ ಉರಿಯುತ್ತದೆ.

ಇದರ ಹಿಂದಿನ ನಿಯಮಗಳು ಎಸಿಪಿಐ ಎಂಬ ಒಡಂಬಡಿಕೆಯಲ್ಲಿವೆ. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸಂಸ್ಥೆಗಳು ಕೂಡಿ 1996ರಲ್ಲಿ ಅದನ್ನು ಹೊರತಂದವು. ಅದರಂತೆ ಪ್ರತಿಯೊಂದು ಉಪಕರಣಕ್ಕೂ ಡಿ0ಯಿಂದ ಡಿ3ರವರೆಗೆ ಸ್ಥಿತಿಗಳುಂಟು. ಡಿ0 ಪೂರ್ಣ ಎಚ್ಚರ. ಡಿ3 ನಿದ್ರೆ, ಅದರಲ್ಲಿ ಎರಡು ಬಗೆ. 'ಬಿಸಿ' ಡಿ3ರಲ್ಲಿ ಉಪಕರಣ ಮಲಗಿದೆ, ವಿದ್ಯುತ್ ಸರಬರಾಜು ಮಾತ್ರ ಇನ್ನೂ ಬರುತ್ತಿದೆ. ಮಡೆ ಮುಚ್ಚಿದೆ, ಕಾಲುವೆ ತುಂಬಿದೆ. 'ತಣ್ಣನೆಯ' ಡಿ3ರಲ್ಲಿ ಸರಬರಾಜೇ ಕಡಿದಿದೆ. ನಮಗೆ ಬೇಕಾದದ್ದು ತಣ್ಣನೆಯದು.

ತಣ್ಣಗಾಗಿಸುವ ಅಧಿಕಾರ ಕಾರ್ಡಿಗೆ ಇಲ್ಲ. ಕಾರ್ಡು ಪಿಸಿಐ ಎಕ್ಸ್‌ಪ್ರೆಸ್ ಎಂಬ ಮಾರ್ಗದ ಮೂಲಕ ಯಂತ್ರಕ್ಕೆ ಸೇರಿದೆ. ಆ ಮಾರ್ಗದ ತಲೆಯಲ್ಲಿ ಒಂದು ಸೇತುವೆಯಿದೆ. 2015ರಿಂದೀಚಿನ ಬಹಳಷ್ಟು ಯಂತ್ರಗಳಲ್ಲಿ ಆ ಸೇತುವೆ ಮಲಗಿದಾಗಲೇ ಕೆಳಗಿನ ಕಾರ್ಡಿನ ವಿದ್ಯುತ್ತು ಕಡಿಯುತ್ತದೆ. 2016ರಲ್ಲಿ ಲಿನಕ್ಸಿಗೆ ಬಂದ ಮಾರ್ಪಾಟೆಂದರೆ ಈ ಸೇತುವೆಯನ್ನು ಮಲಗಿಸುವ ವಿದ್ಯೆ. ಹಳೆಯ ಬಿಬಿ-ಸ್ವಿಚ್ ಸೇತುವೆಯನ್ನು ಕೇಳದೆ ಕಾರ್ಡನ್ನು ನೇರವಾಗಿ ಆರಿಸುವ ಸಾಧನ. ಹೊಸ ಯಂತ್ರಗಳಲ್ಲಿ ಅದು ಕರ್ನೆಲ್ಲಿನ ಕ್ರಮದೊಡನೆ ಘರ್ಷಿಸಿ, ಕಾರ್ಡು ಮತ್ತೆ ಏಳದೆ ಹೋಗುವುದೋ ಯಂತ್ರವೇ ಸ್ತಬ್ಧವಾಗುವುದೋ ಉಂಟು. ಹಳೆಯ ಪುಸ್ತಕದ ಮದ್ದನ್ನು ಹೊಸ ರೋಗಿಗೆ ಕೊಡಬಾರದು.

ಕಾಲುವೆಯ ಹೋಲಿಕೆ ಇಲ್ಲಿ ಇನ್ನೊಮ್ಮೆ ನೆರವಾಗುತ್ತದೆ. ಮೇಲಿನ ಗೇಟನ್ನು ಇಳಿಸಬೇಕಾದರೆ ಅದರ ಕೆಳಗಿನ ರೈತರೆಲ್ಲರ ನೀರಿನ ಕೆಲಸ ಮುಗಿದಿರಬೇಕು. ಒಬ್ಬನಿಗೆ ಬೇಕಿದ್ದರೂ ಕಾಲುವೆ ತುಂಬಿಯೇ ಇರಬೇಕು. ಗ್ರಾಫಿಕ್ಸ್ ಕಾರ್ಡಿನ ಸೇತುವೆಯ ಕೆಳಗೆ ಕಾರ್ಡೊಂದೇ ಇರುವುದಿಲ್ಲ. ಎಚ್‌ಡಿಎಂಐ ತಂತಿಯಲ್ಲಿ ಚಿತ್ರದ ಜೊತೆಗೆ ಧ್ವನಿಯನ್ನೂ ಕಳಿಸುವ ಧ್ವನಿಯಂತ್ರವೊಂದು ಅದೇ ಚಿಪ್‌ನಲ್ಲಿ ಎರಡನೆಯ ಉಪಕರಣವಾಗಿ ಕಾಣಿಸುತ್ತದೆ. ಕೆಲವು ಕಾರ್ಡುಗಳಲ್ಲಿ ಯುಎಸ್‌ಬಿ-ಸಿ ನಿಯಂತ್ರಕಗಳೂ ಉಂಟು. ಯಾರೂ ಕೇಳದ ಆ ಧ್ವನಿಯಂತ್ರ ಎಚ್ಚರವಾಗಿದ್ದರೆ ಸೇತುವೆ ಮಲಗದು, ಕಾರ್ಡು ತಣ್ಣಗಾಗದು. ಎಲ್ಲವನ್ನೂ ಸರಿಯಾಗಿ ಮಾಡಿದೆನಲ್ಲಾ, ಇನ್ನೂ ಏಕೆ ಬಿಸಿ ಎಂದು ತಲೆ ಕೆರೆದುಕೊಳ್ಳುವವರು ಮೊದಲು ನೋಡಬೇಕಾದದ್ದು ಈ ಮೂಕ ನೆರೆಯವನನ್ನು.

ಎಚ್ಚರಗೊಳಿಸದೆ ನೋಡುವುದು

ಈಗ ಪ್ರಯೋಗಕ್ಕೆ ಬರೋಣ. ಲಿನಕ್ಸ್ ತನ್ನ ಉಪಕರಣಗಳ ಸ್ಥಿತಿಯನ್ನೆಲ್ಲ 'ಸಿಸ್' ಎಂಬ ಕೋಶದೊಳಗೆ ಕಡತಗಳ ರೂಪದಲ್ಲಿ ತೋರಿಸುತ್ತದೆ. ಅದರಲ್ಲಿ 'ಬಸ್', ಅದರೊಳಗೆ 'ಪಿಸಿಐ', ಅದರೊಳಗೆ 'ಡಿವೈಸಸ್'. ಅಲ್ಲಿ ಪ್ರತಿಯೊಂದು ಉಪಕರಣಕ್ಕೂ ಅದರ ವಿಳಾಸದ ಹೆಸರಿನ ಕೋಶವಿದೆ. ಪ್ರತ್ಯೇಕ ಕಾರ್ಡಿನ ವಿಳಾಸ ಅನೇಕ ಯಂತ್ರಗಳಲ್ಲಿ 01:00.0 ಎಂದು ಕೊನೆಗೊಳ್ಳುತ್ತದೆ. ಅದರ ಧ್ವನಿಯಂತ್ರ 01:00.1. ಕಾರ್ಡಿನ ಕೋಶದ ಒಳಗೆ 'ಪವರ್' ಎಂಬ ಉಪಕೋಶ; ಅದರಲ್ಲಿ ನಮಗೆ ಬೇಕಾದ ಎರಡು ಕಡತಗಳು. 'ಕಂಟ್ರೋಲ್' ಎಂಬುದರಲ್ಲಿ 'ಆನ್' ಎಂದಿದ್ದರೆ ಮಲಗಲು ಅನುಮತಿಯಿಲ್ಲ. 'ಆಟೋ' ಎಂದಿದ್ದರೆ ಅನುಮತಿಯುಂಟು. 'ರನ್‌ಟೈಮ್ ಸ್ಟೇಟಸ್' ಎಂಬುದರಲ್ಲಿ 'ಆ್ಯಕ್ಟಿವ್' ಎಂದಿದ್ದರೆ ಎಚ್ಚರ. 'ಸಸ್ಪೆಂಡೆಡ್' ಎಂದಿದ್ದರೆ ನಿದ್ರೆ.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ರುಚಿಸುವ ಒಂದು ಸಂಗತಿ ಇಲ್ಲಿದೆ. ಕಾರ್ಡು ಮಲಗಿದೆಯೇ ಎಂದು ತಿಳಿಯಲು ಜನ ಸಾಮಾನ್ಯವಾಗಿ ಎಲ್‌ಎಸ್‌ಪಿಸಿಐ ಅಥವಾ ಎನ್‌ವಿಡಿಯಾ-ಎಸ್‌ಎಂಐ ಎಂಬ ಆದೇಶಗಳನ್ನು ನಡೆಸುತ್ತಾರೆ. ಆ ಆದೇಶಗಳು ಕಾರ್ಡನ್ನೇ ಪ್ರಶ್ನೆ ಕೇಳುತ್ತವೆ. ಉತ್ತರ ಕೊಡಲು ಕಾರ್ಡು ಏಳಲೇಬೇಕು. ನಿದ್ದೆ ಬಂತೇ ಎಂದು ಮಗುವನ್ನು ಅಲುಗಿಸಿ ಕೇಳುವ ಅಜ್ಜಿಯಂತೆ. ಪರದೆಯ ಮೂಲೆಯಲ್ಲಿ ಕಾರ್ಡಿನ ಉಷ್ಣತೆಯನ್ನು ಸದಾ ತೋರಿಸುವ ಸಣ್ಣ ತಂತ್ರಾಂಶವನ್ನು ಹಾಕಿಕೊಂಡವನ ಕಾರ್ಡು ಎಂದಿಗೂ ಮಲಗದಿರುವುದಕ್ಕೆ ಆ ತಂತ್ರಾಂಶವೇ ಕಾರಣವಾಗಿರಬಹುದು. 'ರನ್‌ಟೈಮ್ ಸ್ಟೇಟಸ್' ಕಡತವನ್ನು ಓದುವಾಗಲಾದರೋ ಕರ್ನೆಲ್ ತನ್ನ ದಫ್ತರವನ್ನು ನೋಡಿ ಉತ್ತರಿಸುತ್ತದೆ. ಕಾರ್ಡಿನ ನಿದ್ರೆಗೆ ಭಂಗವಿಲ್ಲ.

ಇನ್ನು ವಿದ್ಯುತ್ತಿನ ಅಳತೆ. 'ಸಿಸ್' ಕೋಶದ 'ಕ್ಲಾಸ್', ಅದರೊಳಗಿನ 'ಪವರ್ ಸಪ್ಲೈ' ಎಂಬಲ್ಲಿ ಬ್ಯಾಟರಿಯ ಕೋಶವಿದೆ. ಕೆಲವು ಯಂತ್ರಗಳು ಖರ್ಚನ್ನು ನೇರವಾಗಿ ಮೈಕ್ರೋವಾಟ್‌ಗಳಲ್ಲಿ ಹೇಳುತ್ತವೆ. ಕೆಲವು ವೋಲ್ಟೇಜನ್ನೂ ಪ್ರವಾಹವನ್ನೂ ಬೇರೆ ಬೇರೆಯಾಗಿ, ಮೈಕ್ರೋ ಪ್ರಮಾಣಗಳಲ್ಲಿ ಹೇಳುತ್ತವೆ. ಎರಡನೆಯದರಲ್ಲಿ ಗುಣಾಕಾರ ನಿಮ್ಮದು. ಚಾರ್ಜರನ್ನು ಕಿತ್ತುಬಿಡಿ. ಪರದೆಯ ಪ್ರಕಾಶವನ್ನು ಒಂದೇ ಮಟ್ಟದಲ್ಲಿಡಿ. ವೈಫೈ ಇದ್ದರೆ ಇರಲಿ, ಇಲ್ಲದಿದ್ದರೆ ಬೇಡ, ನಡುವೆ ಬದಲಾಯಿಸಕೂಡದು. ಐದು ನಿಮಿಷ ಸುಮ್ಮನೆ ಬಿಟ್ಟು, ಅರ್ಧ ನಿಮಿಷಕ್ಕೊಮ್ಮೆ ಹತ್ತು ಸಲ ಓದಿ ಸರಾಸರಿ ತೆಗೆಯಿರಿ. 11.4 ವೋಲ್ಟ್, 1.4 ಆಂಪಿಯರ್ ಬಂದಿತೆನ್ನೋಣ. ಸುಮಾರು 16 ವಾಟ್ ಆಯಿತು. ಈಗ ರೂಟ್ ಅಧಿಕಾರದಿಂದ ಕಾರ್ಡು, ಧ್ವನಿಯಂತ್ರ, ಮೇಲಿನ ಸೇತುವೆ ಈ ಮೂರರ 'ಕಂಟ್ರೋಲ್' ಕಡತಗಳಲ್ಲಿ 'ಆಟೋ' ಎಂದು ಬರೆಯಿರಿ. ಸ್ವಲ್ಪ ಕಾದು 'ಸಸ್ಪೆಂಡೆಡ್' ಎಂದಾದುದನ್ನು ಖಚಿತಪಡಿಸಿಕೊಂಡು ಮತ್ತೆ ಅಳೆಯಿರಿ. ಪ್ರವಾಹ 0.7 ಆಂಪಿಯರಿಗೆ ಇಳಿದಿದ್ದರೆ ಖರ್ಚು ಅರ್ಧವಾಯಿತು. ಇಳಿಯದಿದ್ದರೆ, ಕಡತ ಏನೇ ಹೇಳಲಿ, ಕಾರ್ಡು ತಣ್ಣಗಾಗಿಲ್ಲವೆಂದು ತಿಳಿಯಿರಿ. ಕಡತದ ಮಾತಿಗಿಂತ ಮೀಟರಿನ ಮಾತೇ ಹೆಚ್ಚು.

ನನ್ನ ಆ ವಿದ್ಯಾರ್ಥಿಯ ಯಂತ್ರದಲ್ಲಿ ಡ್ರೈವರು ಇಲ್ಲದಿದ್ದರೂ ಈ ಮೂರು ಕಡೆ 'ಆಟೋ' ಎಂದು ಬರೆದ ಮೇಲೆ ಸೇತುವೆ ಮಲಗಿತು, ಕಾರ್ಡೂ ತಣ್ಣಗಾಯಿತು. ಯಂತ್ರವನ್ನು ಆರಿಸಿ ಹೊತ್ತಿಸಿದರೆ ಈ ಬರಹಗಳೆಲ್ಲ ಅಳಿಸಿಹೋಗುತ್ತವೆ. ಪ್ರತಿ ಸಲ ತಾನಾಗಿ ಬರೆಯುವಂತೆ 'ಯುಡೆವ್' ಎಂಬ ವಿಭಾಗಕ್ಕೆ ಒಂದು ನಿಯಮವನ್ನು ಒಪ್ಪಿಸಬೇಕು. ಉಬುಂಟು ಬಳಸುವವರಿಗೆ ಪ್ರೈಮ್-ಸೆಲೆಕ್ಟ್ ಎಂಬ ಸಾಧನವಿದೆ. ಚಿಕ್ಕ ಮಗ್ಗವೊಂದೇ ಸಾಕೆಂದರೆ ಅದೇ ಏರ್ಪಾಡು ಮಾಡುತ್ತದೆ. ಆಗಲೂ ಒಮ್ಮೆ ಅಳೆದು ನೋಡುವುದು ಒಳ್ಳೆಯದು.

ಕಾರ್ಡು ಬೇಕೇ ಆಗುವ ದಿನಗಳೂ ಬರುತ್ತವೆ. ಬಾದಾಮಿಯ ಮೂರನೆಯ ಗುಹೆಯನ್ನು ನೋಡಿ, ಕ್ರಿ.ಶ. 578ರ ಶಾಸನವಿರುವ, ಮಂಗಲೇಶನು ಮಾಡಿಸಿದ ಗುಹೆ. ಅಲ್ಲಿ ಶೇಷನ ಮೇಲೆ ಕುಳಿತ ವಿಷ್ಣುವಿನ ಶಿಲ್ಪದ ನೂರಾರು ಛಾಯಾಚಿತ್ರಗಳನ್ನು ಎಲ್ಲ ಕೋನಗಳಿಂದ ತೆಗೆದು, ಅವುಗಳಿಂದ ಶಿಲ್ಪದ ಘನಾಕೃತಿಯನ್ನು ಕಂಪ್ಯೂಟರಿನಲ್ಲಿ ಕಟ್ಟಬಹುದು. ಮೆಶ್‌ರೂಮ್ ಎಂಬ ಮುಕ್ತ ತಂತ್ರಾಂಶ ಇದಕ್ಕಾಗಿಯೇ ಇದೆ. ಪ್ರತಿ ಚಿತ್ರದ ಪ್ರತಿ ಚುಕ್ಕೆಯೂ ಎಷ್ಟು ಆಳದಲ್ಲಿದೆಯೆಂದು ಲೆಕ್ಕ ಹಾಕುವ ಹಂತಕ್ಕೆ ಅದು ಎನ್‌ವಿಡಿಯಾ ಕಾರ್ಡನ್ನೂ ಸಂಸ್ಥೆಯ ಡ್ರೈವರನ್ನೂ ಕೇಳುತ್ತದೆ; ನೂವೋದಿಂದ ಅದು ಆಗದು. ಅಂಥ ಕೆಲಸಕ್ಕೆ ಚಾರ್ಜರನ್ನು ಹಚ್ಚಿ, ಯಂತ್ರವನ್ನು ಹಾಸಿಗೆಯ ಮೇಲಲ್ಲದೆ ಕಲ್ಲು ನೆಲದ ಮೇಲೋ ಮೇಜಿನ ಮೇಲೋ ಇಟ್ಟು ಕೂರಬೇಕು. ಡ್ರೈವರು ಸರಿಯಾಗಿದ್ದರೆ ಕಾರ್ಡು ಕರೆದೊಡನೆ ಏಳುತ್ತದೆ, ಕೆಲಸ ಮುಗಿದ ಮೇಲೆ ಮತ್ತೆ ಮಲಗುತ್ತದೆ.

ಕೊನೆಗೆ ಎಚ್‌ಡಿಎಂಐ ತಂತಿಯ ವಿಷಯ. ಕೆಲವು ಲ್ಯಾಪ್‌ಟಾಪುಗಳಲ್ಲಿ ಒಳಗಿನ ಪರದೆಗೆ ದೊಡ್ಡ ಕಾರ್ಡಿನ ಸಂಬಂಧವಿಲ್ಲದಿದ್ದರೂ ಹೊರಗಿನ ಎಚ್‌ಡಿಎಂಐ ರಂಧ್ರ ಮಾತ್ರ ನೇರವಾಗಿ ಅದಕ್ಕೇ ಸೇರಿರುತ್ತದೆ. ಅಂಥ ಯಂತ್ರವನ್ನು ಕಾಲೇಜಿನ ಪ್ರೊಜೆಕ್ಟರಿಗೆ ಜೋಡಿಸಿದರೆ ಕಾರ್ಡು ಏಳಲೇಬೇಕು. ಬರಿಯ ಅಕ್ಷರಗಳ ಪುಟವನ್ನು ತೋರಿಸಿದರೂ ಅದು ಎದ್ದೇ ಇರುತ್ತದೆ. ಕಾರ್ಡನ್ನು ಪೂರ್ತಿ ಆರಿಸಿಟ್ಟಿದ್ದರೆ ಪ್ರೊಜೆಕ್ಟರಿನಲ್ಲಿ ಏನೂ ಬಾರದು. ಸೆಮಿನಾರಿನ ದಿನ ವೇದಿಕೆಯ ಮೇಲೆ ನಿಂತು ಇದನ್ನು ಕಂಡುಕೊಳ್ಳುವುದಕ್ಕಿಂತ ಹಿಂದಿನ ದಿನವೇ ತಂತಿ ಜೋಡಿಸಿ ನೋಡಿರಬೇಕು. ಹೋಗುವಾಗ ಚಾರ್ಜರನ್ನೂ ಚೀಲಕ್ಕೆ ಹಾಕಿಕೊಂಡಿರಬೇಕು.